ಹೊಗೆ ಕಾಣದಿದ್ದರೂ ಖಾಲಿಯಾಗುತ್ತಿದ್ದ ಇಂಜಿನ್ ಆಯಿಲ್: ಹಳೆಯ ಎಸ್‌ಯುವಿಯೊಂದರ ಪ್ರಕರಣ ಅಧ್ಯಯನ

ತಿರುವಿನಲ್ಲಿ ಗಾಡಿ ಹೊರಳುವಾಗ ಮಾತ್ರ ಕೆಂಪು ಆಯಿಲ್ ದೀಪ ಒಂದು ಕ್ಷಣ ಮಿನುಗಿ ಆರುತ್ತದೆ, ನೇರ ರಸ್ತೆಯಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಈ ಒಂದೇ ದೂರಿನೊಂದಿಗೆ 14 ವರ್ಷ ಹಳೆಯದಾದ, 1,86,000 ಕಿ.ಮೀ. ಓಡಿದ ಎಸ್‌ಯುವಿಯೊಂದು ನಮ್ಮ ವರ್ಕ್‌ಶಾಪ್‌ಗೆ ಬಂತು. ಅದರಲ್ಲಿದ್ದದ್ದು 2.4 ಲೀಟರಿನ, ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್. ಮಾಲೀಕರು ಇದಕ್ಕೂ ಮೊದಲು ಬೇರೊಂದು ಕಡೆ ತೋರಿಸಿದ್ದರು. ಅಲ್ಲಿ ಬಾನೆಟ್ ತೆರೆದು ಐದೇ ನಿಮಿಷದಲ್ಲಿ, ಇಂಜಿನ್ ಇಳಿಸಿ ಬೋರ್ ಮಾಡಿಸಬೇಕು (ಸಿಲಿಂಡರಿನ ಗೋಡೆಯನ್ನು ಕೊರೆಸಿ ಅಗಲ ಮಾಡಿಸಬೇಕು) ಎಂದು ಹೇಳಿ ಕಳುಹಿಸಿದ್ದರಂತೆ. ಆ ಮಾತು ಕೊನೆಗೆ ಅರ್ಧ ನಿಜವಾಯಿತು, ಅರ್ಧ ಸುಳ್ಳಾಯಿತು. ಯಾವ ಅರ್ಧ ಯಾವುದು ಎಂದು ತಿಳಿಯಲು ನಮಗೆ ಸುಮಾರು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳ ಕೆಲಸವನ್ನು, ನಾವು ಹಿಡಿದ ತಪ್ಪು ದಾರಿಯನ್ನೂ ಸೇರಿಸಿ, ಇಲ್ಲಿ ದಾಖಲಿಸಿದ್ದೇನೆ.

ಮೊದಲು ಆಯಿಲಿನ ಮಟ್ಟ ತೋರಿಸುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ನೋಡಿದೆವು. ಅದರ ತುದಿಗೂ ಆಯಿಲ್ ತಾಗಿರಲಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿ ಚೇಂಬರಿನಲ್ಲಿ (ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಉಳಿದಿದ್ದ ಆಯಿಲನ್ನು ಅಳತೆಯ ಪಾತ್ರೆಗೆ ಇಳಿಸಿದಾಗ ಸಿಕ್ಕಿದ್ದು 1.7 ಲೀಟರ್. ಫಿಲ್ಟರ್ ಸೇರಿ ಆ ಇಂಜಿನ್ನಿಗೆ ಬೇಕಾದದ್ದು 4.3 ಲೀಟರ್. ಹಿಂದಿನ ಸರ್ವಿಸ್ ಆದ ಮೇಲೆ ಓಡಿದ್ದು 3,100 ಕಿ.ಮೀ. ಅಂದರೆ 2.6 ಲೀಟರ್ ಆಯಿಲ್ ಎಲ್ಲೋ ಹೋಗಿತ್ತು. ಕೆಂಪು ದೀಪ ತೋರಿಸುವುದು ಆಯಿಲ್ ಎಷ್ಟಿದೆ ಎಂಬುದನ್ನಲ್ಲ, ಆಯಿಲಿನ ಒತ್ತಡ ಕುಸಿದಿದೆ ಎಂಬುದನ್ನು. ಮಟ್ಟ ಇಷ್ಟು ಇಳಿದಾಗ ತಿರುವಿನಲ್ಲಿ ಆಯಿಲ್ ಚೇಂಬರಿನ ಒಂದು ಬದಿಗೆ ಸರಿಯುತ್ತದೆ, ಪಂಪಿನ ಬಾಯಿ ಗಾಳಿಯನ್ನು ಹೀರುತ್ತದೆ, ದೀಪ ಹತ್ತುತ್ತದೆ. ದೀಪ ಹತ್ತುವ ಹೊತ್ತಿಗೆ ಬೇರಿಂಗ್‌ಗಳು ಒಂದು ಕ್ಷಣ ಒಣಗಿ ಓಡಿರುತ್ತವೆ ಎಂಬ ಭಯದಿಂದ ಹಳೆಯ ಫಿಲ್ಟರನ್ನು ಕತ್ತರಿಸಿ, ಅದರೊಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಸೂಕ್ಷ್ಮವಾಗಿ ನೋಡಿದೆವು. ಲೋಹದ ಚೂರು ಸಿಗಲಿಲ್ಲ. ಹೊಸ ಆಯಿಲ್ ತುಂಬಿದ ಮೇಲೆ ಗೇಜ್ ಜೋಡಿಸಿ ನೋಡಿದ ಒತ್ತಡವೂ ಸರಿಯಾಗಿತ್ತು.

ಎಲ್ಲ ಇಂಜಿನ್ನುಗಳೂ ಸ್ವಲ್ಪ ಆಯಿಲ್ ಸುಡುತ್ತವೆ. ಸಿಲಿಂಡರಿನ ಗೋಡೆಗೆ ಆಯಿಲಿನ ಪದರವಿಲ್ಲದಿದ್ದರೆ ಅದಕ್ಕೆ ಉಜ್ಜುತ್ತ ಓಡುವ ಪಿಸ್ಟನ್ನಿನ ರಿಂಗ್ (ಸುತ್ತಲಿನ ಲೋಹದ ಬಳೆ) ಉಳಿಯುವುದಿಲ್ಲ, ಆ ಪದರದ ಒಂದಂಶ ಪ್ರತಿ ಸಲವೂ ಬೆಂಕಿಗೆ ಹೋಗುತ್ತದೆ. ಕೆಲವು ತಯಾರಕರು 1,000 ಕಿ.ಮೀ.ಗೆ 1 ಲೀಟರ್‌ವರೆಗಿನ ಬಳಕೆಯನ್ನೂ ಸಹ್ಯವೆಂದು ತಮ್ಮ ಕೈಪಿಡಿಯಲ್ಲಿ ಬರೆಯುತ್ತಾರೆ. ನನ್ನ ಅನುಭವದಲ್ಲಿ ಆರೋಗ್ಯವಾಗಿರುವ ಇಂಜಿನ್ ಅದರ ಹತ್ತರಲ್ಲಿ ಒಂದು ಪಾಲನ್ನೂ ಬಳಸುವುದು ಅಪರೂಪ. ಕೈಪಿಡಿಯ ಮಿತಿಯೊಳಗಿದೆ ಎಂದು ಗ್ರಾಹಕರನ್ನು ಹಿಂದಕ್ಕೆ ಕಳುಹಿಸುವುದು ಸುಲಭ, ಆದರೆ ಅದು ಉತ್ತರವಲ್ಲ.

ಅಳತೆಯೇ ಅರ್ಧ ಕೆಲಸ

ರಿಪೇರಿಗೆ ಕೈ ಹಾಕುವ ಮೊದಲು ನಾವು ಮಾಲೀಕರಿಂದ 1,000 ಕಿ.ಮೀ. ಓಡಿಸುವ ಸಮಯ ಕೇಳಿದೆವು. ಅಲ್ಲಿಯವರೆಗೆ ಏನನ್ನೂ ಬಿಚ್ಚುವುದಿಲ್ಲ, ಅಳೆಯುವುದಷ್ಟೇ ಎಂದಾಗ ಅವರು ಸ್ವಲ್ಪ ನಿರಾಶರಾದರು. ಆದರೆ ಎಷ್ಟು ಆಯಿಲ್ ಹೋಗುತ್ತಿದೆ ಎಂಬ ಖಚಿತ ಅಂಕಿ ಕೈಯಲ್ಲಿಲ್ಲದೆ ಮಾಡಿದ ಯಾವ ರಿಪೇರಿ ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂದು ಹೇಳಲು ಸಾಧ್ಯವೇ ಇಲ್ಲ.

ಡಿಪ್‌ಸ್ಟಿಕ್ ನೋಡುವುದು ಎಲ್ಲರಿಗೂ ಗೊತ್ತಿರುವ ಕೆಲಸ ಎಂದು ನಾವು ಭಾವಿಸುತ್ತೇವೆ. ಈ ಗಾಡಿಯ ಡಿಪ್‌ಸ್ಟಿಕ್ಕಿನಲ್ಲಿ ಕೆಳಗಿನ ಮತ್ತು ಮೇಲಿನ ಗುರುತಿನ ನಡುವೆ 20 ಮಿ.ಮೀ. ಅಂತರವಿತ್ತು, ಅಷ್ಟು ಅಂತರಕ್ಕೆ 1 ಲೀಟರ್ ಆಯಿಲ್ ಹಿಡಿಸುತ್ತಿತ್ತು. ಹಾಗಾದರೆ 1 ಮಿ.ಮೀ. ತಪ್ಪಿ ಓದಿದರೆ 50 ಮಿ.ಲೀ. ತಪ್ಪುತ್ತದೆ, ಗಾಡಿ ಸ್ವಲ್ಪ ಓರೆಯಾಗಿ ನಿಂತಿದ್ದರೆ ಇನ್ನೂ ಹೆಚ್ಚು ತಪ್ಪುತ್ತದೆ. ಹೀಗಾಗಿ ಮಾಲೀಕರು ತಮ್ಮ ಪಾರ್ಕಿಂಗ್ ಜಾಗದಲ್ಲಿ ನಾಲ್ಕೂ ಚಕ್ರಗಳು ನಿಲ್ಲುವ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಓಡಿಸಿ ಬಂದ ಮೇಲೆ ಇಂಜಿನ್ ಆಫ್ ಮಾಡಿ 10 ನಿಮಿಷ ಕಾದು, ಕಡ್ಡಿಯನ್ನು ಒರೆಸಿ, ಪೂರ್ತಿ ಒಳಕ್ಕೆ ತೂರಿಸಿ ಹೊರತೆಗೆದು, ಎರಡೂ ಮುಖಗಳನ್ನು ನೋಡಿ ಕಡಿಮೆ ತೋರಿಸುವ ಮುಖವನ್ನೇ ಬರೆದುಕೊಳ್ಳಬೇಕೆಂದು ಹೇಳಿದೆವು. ಮೇಲಿನ ಗುರುತಿಗೆ ಮತ್ತೆ ಬರುವಷ್ಟು ಆಯಿಲ್ ಸುರಿದು, ಸುರಿಯುವ ಮೊದಲು ಮತ್ತು ನಂತರ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ವ್ಯತ್ಯಾಸ ಬರೆಯುವುದು ಮುಂದಿನ ಹೆಜ್ಜೆ. ಇಂಜಿನ್ ಆಯಿಲ್ ಲೀಟರಿಗೆ ಸುಮಾರು 850 ಗ್ರಾಂ ತೂಗುತ್ತದೆ, ಆದ್ದರಿಂದ ತೂಕದಿಂದ ಮಿಲಿಲೀಟರ್ ಲೆಕ್ಕ ಹಾಕುವುದು ಕಣ್ಣಂದಾಜಿಗಿಂತ ಎಷ್ಟೋ ನಂಬಿಕಸ್ಥ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದ್ದೆವು. ಬರೀ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಅಭ್ಯಾಸವಿದ್ದರೆ ಸುಡದೆ ಉಳಿದ ಪೆಟ್ರೋಲ್ ಆಯಿಲಿಗೆ ಸೇರಿ ಮಟ್ಟವನ್ನು ಹೆಚ್ಚಿಸಿ ತೋರಿಸುತ್ತದೆ. ಆಮೇಲೆ ಒಂದು ದೂರದ ಪ್ರಯಾಣ ಮಾಡಿದಾಗ ಆ ಪೆಟ್ರೋಲ್ ಆವಿಯಾಗಿ, ಒಂದೇ ದಿನಕ್ಕೆ ಆಯಿಲ್ ಇಳಿದುಹೋಯಿತು ಎಂಬ ಗಾಬರಿ ಹುಟ್ಟುತ್ತದೆ. ಅದಕ್ಕೆಂದೇ ಪ್ರತಿ ಅಳತೆಯ ಮುನ್ನ ಕನಿಷ್ಠ ಅರ್ಧ ಗಂಟೆ ಗಾಡಿ ಓಡಿರಬೇಕು ಎಂಬ ನಿಯಮ ಮಾಡಿಕೊಂಡೆವು.

ಮಾಲೀಕರು ಒಂದು ಹೆಜ್ಜೆ ಮುಂದೆ ಹೋಗಿ ರಸ್ತೆಯ ಬಗೆಯನ್ನೂ ಬರೆದಿಟ್ಟಿದ್ದರು. ಘಟ್ಟ ಹತ್ತಿ ಇಳಿದ 500 ಕಿ.ಮೀ.ಯಲ್ಲಿ 470 ಮಿ.ಲೀ., ಸಮತಟ್ಟಾದ ರಸ್ತೆಯ 500 ಕಿ.ಮೀ.ಯಲ್ಲಿ 340 ಮಿ.ಲೀ., ಒಟ್ಟು 810 ಮಿ.ಲೀ. ಈ ಎರಡು ಸಂಖ್ಯೆಗಳ ನಡುವಿನ ಅಂತರ ನಮಗೆ ಆಗಲೇ ಬಹಳಷ್ಟನ್ನು ಹೇಳುತ್ತಿತ್ತು, ಆದರೆ ಅದರ ತೂಕ ನಮಗೆ ತಿಳಿದದ್ದು ತಡವಾಗಿ. ಇಳಿಜಾರಿನಲ್ಲಿ ಕಾಲು ತೆಗೆದು ಗೇರಿನಲ್ಲೇ ಗಾಡಿಯನ್ನು ಹಿಡಿಯುವಾಗ ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚಿರುತ್ತದೆ, ಇಂಜಿನ್ ಮಾತ್ರ ವೇಗವಾಗಿ ತಿರುಗುತ್ತಿರುತ್ತದೆ. ಆಗ ಸಿಲಿಂಡರಿನೊಳಗೆ ಬಲವಾದ ನಿರ್ವಾತ ಉಂಟಾಗಿ ಆಯಿಲನ್ನು ಕೆಳಗಿನಿಂದ ರಿಂಗುಗಳ ಸಂದಿಯಲ್ಲೂ, ಮೇಲಿನಿಂದ ವಾಲ್ವ್ ಕಡ್ಡಿಗಳ ಸಂದಿಯಲ್ಲೂ ಎಳೆದುಕೊಳ್ಳುತ್ತದೆ. ಹೊರಗೆ ಸೋರುವ ಆಯಿಲಿಗೆ ಘಟ್ಟ, ಬಯಲು ಎಂಬ ಈ ಭೇದ ಇಷ್ಟು ದೊಡ್ಡದಾಗಿ ಕಾಣಿಸುವುದಿಲ್ಲ.

ಸೋರಿಕೆ ಮತ್ತು ಪಿಸಿವಿ ವಾಲ್ವ್

ಹಾಗೆಂದು ಸೋರಿಕೆಯನ್ನು ನೋಡದೆ ಬಿಡುವಂತಿರಲಿಲ್ಲ. ಇಂಜಿನ್ನನ್ನು ತೊಳೆದು, ಆಯಿಲಿಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ ಬೆರೆಸಿ, ಎರಡು ದಿನ ಓಡಿಸಿ, ಕತ್ತಲಲ್ಲಿ ದೀಪ ಹಿಡಿದು ನೋಡಿದೆವು. ವಾಲ್ವ್ ಕವರಿನ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಒಸರುತ್ತಿತ್ತು. ಅದು ಬಿಸಿಯಾದ ಎಕ್ಸಾಸ್ಟ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿದ್ದದ್ದೂ ನಿಜ. ಮಾಲೀಕರಿಗೆ ಇದೇ ಕಾರಣವೆಂದು ಅನಿಸಿ ಮುಖ ಅರಳಿತು. ಆದರೆ ಸಣ್ಣ ಲೆಕ್ಕವೊಂದು ಆ ಆಸೆಗೆ ಅಡ್ಡ ಬಂತು. ಒಂದು ಹನಿ ಆಯಿಲ್ ಸುಮಾರು 0.05 ಮಿ.ಲೀ. ಇರುತ್ತದೆ ಎಂದುಕೊಂಡರೆ 800 ಮಿ.ಲೀ. ಎಂದರೆ 16,000 ಹನಿ. ಗಂಟೆಗೆ 40 ಕಿ.ಮೀ. ಸರಾಸರಿಯಲ್ಲಿ 1,000 ಕಿ.ಮೀ.ಗೆ 25 ಗಂಟೆ ಬೇಕು, ಗಂಟೆಗೆ 640 ಹನಿ, ನಿಮಿಷಕ್ಕೆ ಹತ್ತಕ್ಕೂ ಹೆಚ್ಚು ಹನಿ. ಅಷ್ಟು ಸೋರುವ ಗಾಡಿ ಸಿಗ್ನಲ್‌ನಲ್ಲಿ ನಿಂತಲ್ಲೆಲ್ಲ ಕಲೆ ಬಿಟ್ಟು ಹೋಗುತ್ತದೆ, ಅದರ ಹೊಟ್ಟೆಯೆಲ್ಲ ಆಯಿಲಿನಿಂದ ತೊಯ್ದಿರುತ್ತದೆ. ಇಲ್ಲಿ ಚೇಂಬರ್ ಒಣಗಿತ್ತು, ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡ) ಹಿಂದಿನ ಮತ್ತು ಮುಂದಿನ ಸೀಲುಗಳೂ ಒಣಗಿದ್ದವು. ಕೂಲಂಟಿನಲ್ಲಿ ಆಯಿಲಿನ ಜಿಡ್ಡು ಇರಲಿಲ್ಲ, ಆಯಿಲ್ ಮುಚ್ಚಳದ ಕೆಳಗೆ ಹಾಲಿನಂಥ ಕೆನೆಯೂ ಕಟ್ಟಿರಲಿಲ್ಲ. ಗ್ಯಾಸ್ಕೆಟ್ ಬದಲಿಸಿದೆವು, ಆದರೆ ಅದರಿಂದ ದೊಡ್ಡದೇನನ್ನೂ ನಿರೀಕ್ಷಿಸಲಿಲ್ಲ.

ನಂತರದ್ದು ಪಿಸಿವಿ ವಾಲ್ವ್. ಉರಿಯುವ ಅನಿಲದ ಒಂದು ಭಾಗ ಯಾವಾಗಲೂ ರಿಂಗುಗಳನ್ನು ದಾಟಿ ಚೇಂಬರಿಗೆ ಇಳಿಯುತ್ತದೆ. ಅದನ್ನು ಹೊರಗೆ ಬಿಡದೆ ಮತ್ತೆ ಇಂಟೇಕ್‌ಗೆ (ಇಂಜಿನ್ನಿಗೆ ಗಾಳಿ ಹೋಗುವ ದಾರಿ) ಕಳುಹಿಸಿ ಸುಡುವ ವ್ಯವಸ್ಥೆ ಇದು. ಈ ಸಣ್ಣ ವಾಲ್ವ್ ಮುಚ್ಚಿ ಅಂಟಿಕೊಂಡರೆ ಚೇಂಬರಿನಲ್ಲಿ ಒತ್ತಡ ಏರಿ ಸೀಲುಗಳ ಮೂಲಕ ಆಯಿಲ್ ಹೊರಬರುತ್ತದೆ, ತೆರೆದೇ ಅಂಟಿಕೊಂಡರೆ ಇಂಟೇಕಿನ ನಿರ್ವಾತ ಆಯಿಲಿನ ತುಂತುರನ್ನೇ ಹೀರಿ ಸಿಲಿಂಡರಿಗೆ ಕೊಡುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ತುಂಡು ಟಿಕ್ ಟಿಕ್ ಎನ್ನಬೇಕು. ಇದು ಮೌನವಾಗಿತ್ತು. ಥ್ರಾಟಲ್ ಬಿಚ್ಚಿ ಬೆರಳು ಹಾಕಿದಾಗ ಇಂಟೇಕಿನ ತಳದಲ್ಲಿ ಆಯಿಲ್ ನಿಂತಿತ್ತು. ಹೊಸ ವಾಲ್ವ್, ಹೊಸ ಹೋಸ್ ಹಾಕಿ ಮತ್ತೆ 1,000 ಕಿ.ಮೀ. ಅಳೆದಾಗ ಬಂದದ್ದು 690 ಮಿ.ಲೀ. ಗ್ಯಾಸ್ಕೆಟ್ ಮತ್ತು ಪಿಸಿವಿ ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಈ 120 ಮಿ.ಲೀ.ಯಲ್ಲಿ ಯಾವುದರ ಪಾಲು ಎಷ್ಟು ಎಂದು ನಾನು ಇಂದಿಗೂ ಹೇಳಲಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕಿತ್ತು. ಅಲ್ಲಿಂದ ಮುಂದೆ ಹಾಗೆಯೇ ಮಾಡಿದೆವು.

ಕಂಪ್ರೆಷನ್ ಚೆನ್ನಾಗಿದ್ದರೆ ರಿಂಗ್ ಚೆನ್ನಾಗಿದೆಯೇ?

“ಸರ್, ಹೊಗೆಯೇ ಬರುವುದಿಲ್ಲವಲ್ಲ, ಇಷ್ಟು ಆಯಿಲ್ ಸುಟ್ಟರೆ ಹಿಂದೆ ಬರುವವರಿಗೆ ಕಾಣಬೇಡವೇ?” ಎಂದು ಮಾಲೀಕರು ಕೇಳಿದ ಪ್ರಶ್ನೆ ಸರಿಯಾದದ್ದೇ. ಉತ್ತರ ಮತ್ತೆ ಲೆಕ್ಕದಲ್ಲೇ ಇದೆ. ಈ ಗಾಡಿ ಲೀಟರಿಗೆ ಸುಮಾರು 10 ಕಿ.ಮೀ. ಕೊಡುತ್ತಿತ್ತು, ಅಂದರೆ 1,000 ಕಿ.ಮೀ.ಗೆ 100 ಲೀಟರ್ ಪೆಟ್ರೋಲ್. ಅದರ ಜೊತೆ 690 ಮಿ.ಲೀ. ಆಯಿಲ್ ಸುಟ್ಟರೆ ಲೀಟರಿಗೆ 7 ಮಿ.ಲೀ. ಆಯಿತು. ಹಿಂದಿನ ಟೂ ಸ್ಟ್ರೋಕ್ ಸ್ಕೂಟರುಗಳಿಗೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್ ಬೆರೆಸುತ್ತಿದ್ದೆವು, ಅದರ ನೀಲಿ ಹೊಗೆ ನೆನಪಿರುವವರಿಗೆ ಇದು ಅದರ ಮೂರನೇ ಒಂದು ಪಾಲು ಎಂದರೆ ಅಂದಾಜು ಸಿಗುತ್ತದೆ. ಅದರಲ್ಲೂ ಬಹುಪಾಲನ್ನು ಸೈಲೆನ್ಸರಿನ ಮೊದಲು ಹೊಗೆಯನ್ನು ಶುದ್ಧಮಾಡುವ, ಬಿಸಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತದೆ. ಆದ್ದರಿಂದ ಹೊಗೆ ಕಾಣದಿರುವುದು ಆಯಿಲ್ ಸುಡುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಆದರೆ ಹೊಗೆ ಒಮ್ಮೆ ಮಾತ್ರ ಕಾಣಿಸುತ್ತಿತ್ತು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ನಾಲ್ಕೈದು ಸೆಕೆಂಡು ಸೈಲೆನ್ಸರಿನಿಂದ ತೆಳುವಾದ ನೀಲಿ ಹೊಗೆ ಬಂದು ನಿಲ್ಲುತ್ತಿತ್ತು. ಇದು ವಾಲ್ವ್ ಸೀಲುಗಳು, ಅಂದರೆ ವಾಲ್ವ್ ಕಡ್ಡಿಗಳ ಸುತ್ತಲಿನ ರಬ್ಬರ್ ಬಿರಡೆಗಳು, ಹಳೆಯದಾಗಿ ಗಡುಸಾಗಿರುವ ಲಕ್ಷಣ. ರಾತ್ರಿ ಮೇಲಿನ ಆಯಿಲ್ ವಾಲ್ವ್ ಕಡ್ಡಿಗುಂಟ ಇಳಿದು ನಿಂತು, ಬೆಳಿಗ್ಗೆ ಒಮ್ಮೆಲೇ ಸುಡುತ್ತದೆ.

ಪ್ಲಗ್ಗುಗಳನ್ನು ಬಿಚ್ಚಿದಾಗ ನಾಲ್ಕರಲ್ಲೂ ಬೂದಿ ಬಣ್ಣದ ಹುರುಪೆ ಕಟ್ಟಿತ್ತು, 3ನೆಯದರಲ್ಲಿ ಅತಿ ಹೆಚ್ಚು. ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ) ಅಳೆದಾಗ ಕ್ರಮವಾಗಿ 12.2, 11.9, 11.6 ಮತ್ತು 12.0 ಬಾರ್ ಬಂತು. ಸಿಲಿಂಡರಿಗೆ ಗಾಳಿ ತುಂಬಿಸಿ ಎಷ್ಟು ಸೋರುತ್ತದೆ ಎಂದು ನೋಡುವ ಪರೀಕ್ಷೆಯಲ್ಲೂ ಎಲ್ಲಿಯೂ ಶೇ. 12ಕ್ಕಿಂತ ಹೆಚ್ಚು ಬರಲಿಲ್ಲ. ಇಷ್ಟು ಹಳೆಯ ಇಂಜಿನ್ನಿಗೆ ಇವು ಸಂತೋಷದ ಅಂಕಿಗಳು. ಇಲ್ಲಿಯೇ ನಾವು ದಾರಿ ತಪ್ಪಿದೆವು. ಕಂಪ್ರೆಷನ್ ಚೆನ್ನಾಗಿದೆ, ಹಾಗಾಗಿ ರಿಂಗುಗಳು ಚೆನ್ನಾಗಿವೆ, ಬೆಳಗಿನ ಹೊಗೆ ವಾಲ್ವ್ ಸೀಲನ್ನೇ ತೋರಿಸುತ್ತಿದೆ ಎಂಬ ತೀರ್ಮಾನಕ್ಕೆ ಬಂದೆವು.

ಪಿಸ್ಟನ್ನಿನ ಮೇಲೆ ಮೂರು ರಿಂಗುಗಳಿರುತ್ತವೆ ಎಂಬುದು ನಮಗೆ ಗೊತ್ತಿರದ ವಿಷಯವೇನಲ್ಲ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು. ಮೂರನೆಯದಾದ ಆಯಿಲ್ ರಿಂಗಿನ ಕೆಲಸವೇ ಬೇರೆ: ಎರಡು ತೆಳುವಾದ ಪಟ್ಟಿಗಳು, ಅವುಗಳ ನಡುವೆ ಅವನ್ನು ಹೊರಕ್ಕೆ ಒತ್ತುವ ಸ್ಪ್ರಿಂಗ್. ಗೋಡೆಯ ಆಯಿಲನ್ನು ಅದು ಕೆರೆದು, ಪಿಸ್ಟನ್ನಿನಲ್ಲಿ ತಾನು ಕೂರುವ ತೋಡಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ಒಳಕ್ಕೆ, ಅಲ್ಲಿಂದ ಚೇಂಬರಿಗೆ ಇಳಿಸುತ್ತದೆ. ಈ ಮೂರನೆಯ ರಿಂಗ್ ಕಾರ್ಬನ್ನಿನಲ್ಲಿ ಪೂರ್ತಿ ಜಾಮ್ ಆಗಿದ್ದರೂ ಕಂಪ್ರೆಷನ್ ಗೇಜ್ ಅದನ್ನು ತೋರಿಸುವುದಿಲ್ಲ. ಅಷ್ಟೇ ಅಲ್ಲ, ಗೋಡೆಗೆ ಹೆಚ್ಚು ಆಯಿಲ್ ಅಂಟಿರುವ ಸಿಲಿಂಡರಿನಲ್ಲಿ ಆ ಆಯಿಲೇ ಸಂದಿಗಳನ್ನು ಮುಚ್ಚಿ ಕಂಪ್ರೆಷನ್ ಇನ್ನೂ ಚೆನ್ನಾಗಿ ಕಾಣಬಹುದು. ಇದೆಲ್ಲ ತಿಳಿದಿದ್ದೂ ಗೇಜಿನ ಸಂಖ್ಯೆ ಕೊಟ್ಟ ಸಮಾಧಾನಕ್ಕೆ ಒಪ್ಪಿಬಿಟ್ಟೆವು. ಈ ಪ್ರಕರಣವನ್ನು ಬರೆಯಬೇಕೆನಿಸಿದ್ದಕ್ಕೆ ಮುಖ್ಯ ಕಾರಣ ಇದೇ.

ವಾಲ್ವ್ ಸೀಲುಗಳನ್ನು ಹೆಡ್ ಇಳಿಸದೆಯೇ ಬದಲಿಸಿದೆವು. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಪ್ಲಗ್ ತೂತಿನಿಂದ ಗಾಳಿಯ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಕ್ಯಾಮ್‌ಶಾಫ್ಟುಗಳನ್ನು ತೆಗೆದು, ಒಂದೊಂದಾಗಿ ಸ್ಪ್ರಿಂಗ್ ಒತ್ತಿ ಸೀಲ್ ಕಿತ್ತೆವು. ಟೈಮಿಂಗ್ ಚೈನಿಗೆ ಮೊದಲೇ ಗುರುತು ಹಾಕಿಕೊಂಡಿದ್ದೆವು. ಹೊರಬಂದ ಸೀಲುಗಳು ರಬ್ಬರಿನ ಗುಣವನ್ನೇ ಕಳೆದುಕೊಂಡಿದ್ದವು, ಉಗುರಿನಿಂದ ಒತ್ತಿದರೆ ಬಾಗದೆ ಚೂರಾಗುತ್ತಿದ್ದವು. ಅವುಗಳನ್ನು ಬದಲಿಸಿದ್ದು ವ್ಯರ್ಥವಲ್ಲ. ಬೆಳಗಿನ ಹೊಗೆ ಮರುದಿನದಿಂದಲೇ ನಿಂತಿತು. ಆದರೆ 1,000 ಕಿ.ಮೀ. ಆದ ಮೇಲೆ ತಕ್ಕಡಿ ತೋರಿಸಿದ್ದು 540 ಮಿ.ಲೀ. ಕಣ್ಣಿಗೆ ಕಾಣುತ್ತಿದ್ದ ಹೊಗೆ 150 ಮಿ.ಲೀ.ಯದ್ದು. ಕಣ್ಣಿಗೆ ಕಾಣದೆ ಹೋಗುತ್ತಿದ್ದದ್ದು ಅದರ ಮೂರೂವರೆ ಪಟ್ಟು.

ಆಗ ನಾವು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದೆವು. ಸಿಲಿಂಡರಿನ ಗೋಡೆಯಲ್ಲಿ ಕಾರ್ಖಾನೆಯ ಅಡ್ಡಗೆರೆಗಳು ಇನ್ನೂ ಉಳಿದಿದ್ದವು, ಉದ್ದುದ್ದದ ಗೀರು ಒಂದೂ ಇರಲಿಲ್ಲ. ಪಿಸ್ಟನ್ನಿನ ತಲೆಯ ಮಧ್ಯದಲ್ಲಿ ಕಪ್ಪು ಕಾರ್ಬನ್ ಇತ್ತು, ಆದರೆ ಅಂಚಿನ ಸುತ್ತ ಒಂದು ಬೆರಳಗಲ ಜಾಗ ತೊಳೆದಿಟ್ಟಂತೆ ಹೊಳೆಯುತ್ತಿತ್ತು. 3ನೆಯ ಸಿಲಿಂಡರಿನಲ್ಲಿ ಆ ಹೊಳಪು ಇನ್ನೂ ಅಗಲವಾಗಿತ್ತು. ಕೆಳಗಿನಿಂದ ರಿಂಗುಗಳನ್ನು ದಾಟಿ ಬರುವ ಆಯಿಲ್ ಪಿಸ್ಟನ್ನಿನ ಅಂಚನ್ನು ತೊಳೆಯುತ್ತಿರುತ್ತದೆ, ಅಲ್ಲಿ ಕಾರ್ಬನ್ ಕಟ್ಟಲು ಬಿಡುವುದಿಲ್ಲ. ಘಟ್ಟದ 470 ಮಿ.ಲೀ. ಹೇಳಿದ್ದೂ ಇದನ್ನೇ.

ಬಿಚ್ಚದೆ ಸರಿಮಾಡುವ ಕೊನೆಯ ಪ್ರಯತ್ನ

ಜಾಮ್ ಆದ ರಿಂಗನ್ನು ಕರಗಿಸುವ ದ್ರಾವಣವನ್ನು ಪ್ಲಗ್ ತೂತಿನಿಂದ ಸುರಿದು ನೆನೆಹಾಕುವ ಪದ್ಧತಿಯೊಂದಿದೆ. ಇಂಜಿನ್ ಬಿಚ್ಚುವ ಮೊದಲು ಇದನ್ನು ಪ್ರಯತ್ನಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ, ಆದರೆ ಅಜಾಗರೂಕತೆಯಿಂದ ಮಾಡಿದರೆ ಇಂಜಿನ್ನನ್ನೇ ಕಳೆದುಕೊಳ್ಳಬಹುದು. ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸಿ ನಾಲ್ಕೂ ಪಿಸ್ಟನ್ನುಗಳು ನಡುಮಟ್ಟದಲ್ಲಿ ನಿಲ್ಲುವಂತೆ ಮಾಡಿ, ದ್ರಾವಣ ಸುರಿದು, ಆಗಾಗ ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ಹಿಂದೆ ಮುಂದೆ ಅಲುಗಿಸುತ್ತ ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಉಳಿದ ದ್ರಾವಣವನ್ನು ಸಿರಿಂಜಿನಿಂದ ಪೂರ್ತಿ ಹೀರಿ ತೆಗೆದು, ಇಂಜೆಕ್ಟರುಗಳ ಕನೆಕ್ಷನ್ ಬಿಡಿಸಿ, ಪ್ಲಗ್ ಹಾಕದೆಯೇ ಸೆಲ್ಫ್ ಹೊಡೆದು ಸಿಲಿಂಡರುಗಳನ್ನು ಖಾಲಿ ಮಾಡಿದೆವು. ದ್ರವ ಒಳಗೆ ನಿಂತಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಅದನ್ನು ಒತ್ತಿ ಕುಗ್ಗಿಸಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಳಗಿಳಿದ ದ್ರಾವಣ ಆಯಿಲನ್ನು ತೆಳುಮಾಡುವುದರಿಂದ ಆಯಿಲ್, ಫಿಲ್ಟರ್ ಎರಡನ್ನೂ ಆಮೇಲೆ ಬದಲಿಸಲೇಬೇಕು.

1, 2 ಮತ್ತು 4ನೆಯ ಸಿಲಿಂಡರುಗಳಲ್ಲಿ ದ್ರಾವಣ ರಾತ್ರಿ ಕಳೆಯುವಷ್ಟರಲ್ಲಿ ಇಳಿದುಹೋಗಿತ್ತು. 3ನೆಯದರಲ್ಲಿ ಸುರಿದದ್ದರಲ್ಲಿ ಬಹುಪಾಲು ಹಾಗೆಯೇ ನಿಂತಿತ್ತು. ಮೊದಲ 1,000 ಕಿ.ಮೀ.ಯ ಅಳತೆ 430 ಮಿ.ಲೀ., ಎರಡನೆಯದು 450. ಸ್ವಲ್ಪ ಸುಧಾರಿಸಿತು, ಅಲ್ಲಿಗೇ ನಿಂತಿತು.

ಮಾಲೀಕರ ಮುಂದೆ ಮೂರು ದಾರಿಗಳಿದ್ದವು. ಪ್ರತಿ 1,000 ಕಿ.ಮೀ.ಗೆ ಅರ್ಧ ಲೀಟರ್ ತುಂಬಿಸಿಕೊಂಡು ಓಡಿಸುವುದು ಒಂದು. ವಾರಕ್ಕೊಮ್ಮೆ ತಪ್ಪದೆ ಡಿಪ್‌ಸ್ಟಿಕ್ ನೋಡುವವರಿಗೆ ಇದು ಅವಮಾನದ ದಾರಿಯೇನಲ್ಲ, ಎಷ್ಟೋ ಗಾಡಿಗಳು ಹೀಗೆಯೇ ವರ್ಷಗಟ್ಟಲೆ ಓಡುತ್ತವೆ. ಆದರೆ ಆಯಿಲಿನಲ್ಲಿರುವ ರಂಜಕ ಸುಟ್ಟು ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದನ್ನು ನಿಧಾನವಾಗಿ ಸಾಯಿಸುತ್ತದೆ. ಎರಡನೆಯದು, ಅದೇ ಮಾದರಿಯ ಹಳೆಯ ಇಂಜಿನ್ ತಂದು ಕೂರಿಸುವುದು. ಇದನ್ನು ನಾನು ಖಂಡಿತವಾಗಿ ಬೇಡವೆಂದೆ. ಅದೇ ಪಿಸ್ಟನ್, ಅದೇ ಸಣ್ಣ ರಂಧ್ರಗಳು, ಯಾರೋ ಹೇಗೋ ಓಡಿಸಿದ ಚರಿತ್ರೆ ಎಲ್ಲ ಸೇರಿ ಅದೇ ರೋಗವನ್ನೇ ಮನೆಗೆ ತಂದಂತಾಗುತ್ತಿತ್ತು. ಹೆಚ್ಚು ದಪ್ಪನೆಯ ಆಯಿಲ್ ಹಾಕಿದರೆ ಹೇಗೆ ಎಂದೂ ಮಾಲೀಕರು ಕೇಳಿದರು. ದಪ್ಪ ಆಯಿಲ್ ಬಳಕೆಯನ್ನು ಸ್ವಲ್ಪ ಇಳಿಸಬಹುದು, ಆದರೆ ರಂಧ್ರ ಕಟ್ಟಿಕೊಂಡ ರಿಂಗನ್ನು ಬಿಡಿಸುವುದಿಲ್ಲ, ಅಲ್ಲದೆ ವಾಲ್ವ್ ಟೈಮಿಂಗ್ ಬದಲಿಸಲು ಆಯಿಲಿನ ಒತ್ತಡವನ್ನೇ ನೆಚ್ಚಿರುವ ಇಂಜಿನ್ನಿನಲ್ಲಿ ಕೈಪಿಡಿ ಹೇಳಿದ ಗ್ರೇಡಿನಿಂದ ಬಹಳ ದೂರ ಹೋಗುವುದು ಒಳ್ಳೆಯದಲ್ಲ. ಗಾಡಿಯ ಗೇರ್‌ಬಾಕ್ಸ್, ಸಸ್ಪೆನ್ಷನ್, ಬಾಡಿ ಎಲ್ಲವೂ ಗಟ್ಟಿಮುಟ್ಟಾಗಿದ್ದರಿಂದ ಅವರು ಮೂರನೆಯ ದಾರಿಯನ್ನು, ಅಂದರೆ ಇಂಜಿನ್ ಬಿಚ್ಚುವುದನ್ನು, ಆರಿಸಿಕೊಂಡರು.

ಬಿಚ್ಚಿದಾಗ ಕಂಡದ್ದು

3ನೆಯ ಪಿಸ್ಟನ್ ಹೊರಬಂದಾಗ ಮೇಲಿನ ಎರಡು ರಿಂಗುಗಳು ಬೆರಳು ತಾಗಿದರೆ ಸುಲಭವಾಗಿ ಜಾರುತ್ತಿದ್ದವು. ಮೂರನೆಯದು ಕದಲಲಿಲ್ಲ. ಪಟ್ಟಿ ಎಲ್ಲಿ ಮುಗಿಯುತ್ತದೆ, ಪಿಸ್ಟನ್ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದಷ್ಟು ಕಂದು ಬಣ್ಣದ ಮೆರುಗು ಅದರ ಮೇಲೆ ಕುಳಿತಿತ್ತು, ಅರಗಿನಿಂದ ಮುದ್ರೆ ಒತ್ತಿದಂತೆ. ಚೂಪಾದ ಮರದ ಕಡ್ಡಿಯಿಂದ ಎಬ್ಬಿಸಲು ಹೋದರೆ ಪಟ್ಟಿಯೇ ತುಂಡಾಯಿತು. ಅದರ ಹಿಂದಿನ ರಂಧ್ರಗಳಲ್ಲಿ ಕಾರ್ಬನ್ ಕಲ್ಲಿನಂತೆ ಗಟ್ಟಿಯಾಗಿತ್ತು. ಪಿಸ್ಟನ್ನನ್ನು ದೀಪಕ್ಕೆ ಹಿಡಿದು ನೋಡಿದರೆ ಒಂದು ತೂತಿನಿಂದಲೂ ಬೆಳಕು ಬರಲಿಲ್ಲ. ತೆಳುವಾದ ಡ್ರಿಲ್ ಬಿಟ್ಟನ್ನು ಮೆಷಿನ್ನಿಗೆ ಹಾಕದೆ ಬೆರಳಿನಲ್ಲೇ ಹೊರಳಿಸಿ ಒಂದು ರಂಧ್ರ ತೆರೆದು ನೋಡಿದೆ. ಒಳಗಿನಿಂದ ಕರಿಪುಡಿ ಉದುರಿತು. ಉಳಿದ ಮೂರು ಪಿಸ್ಟನ್ನುಗಳಲ್ಲಿ ಆಯಿಲ್ ರಿಂಗ್ ಅರ್ಧಂಬರ್ಧ ಅಂಟಿತ್ತು, ರಂಧ್ರಗಳು ಭಾಗಶಃ ತೆರೆದಿದ್ದವು. ನೆನೆಹಾಕಿದ ದ್ರಾವಣ ಫಲ ಕೊಟ್ಟದ್ದು ಅಲ್ಲಿ.

ಬೋರ್ ಗೇಜಿನಿಂದ ಪ್ರತಿ ಸಿಲಿಂಡರನ್ನು ಮೂರು ಎತ್ತರಗಳಲ್ಲಿ, ಎರಡು ದಿಕ್ಕುಗಳಲ್ಲಿ ಅಳೆದೆವು. ಮೇಲೆ ಕೆಳಗಿನ ವ್ಯತ್ಯಾಸ ಹೆಚ್ಚೆಂದರೆ 0.02 ಮಿ.ಮೀ., ಕೈಪಿಡಿಯ ಮಿತಿಗಿಂತ ಬಹಳ ಒಳಗೆ. ಬೋರ್ ಮಾಡಿಸುವ ಅಗತ್ಯವೇ ಇರಲಿಲ್ಲ. ಇಂಜಿನ್ ಬಿಚ್ಚಬೇಕು ಎಂದ ಮೊದಲಿನವರ ಮಾತು ನಿಜವಾಗಿತ್ತು, ಬೋರ್ ಮಾಡಿಸಬೇಕು ಎಂದದ್ದು ಸುಳ್ಳಾಗಿತ್ತು. ಅಳೆಯದೆ ಬೋರ್ ಮಾಡಿಸಿದ್ದರೆ ಚೆನ್ನಾಗಿದ್ದ ಗೋಡೆಯನ್ನು ಕೆರೆದು, ದೊಡ್ಡ ಅಳತೆಯ ಪಿಸ್ಟನ್ ಹಾಕಿ, ಇಲ್ಲದ ಕಾಯಿಲೆಗೆ ಚಿಕಿತ್ಸೆ ಮಾಡಿದಂತಾಗುತ್ತಿತ್ತು.

ಹಳೆಯ ಪಿಸ್ಟನ್ನುಗಳನ್ನು ಸ್ವಚ್ಛ ಮಾಡಿ ಹೊಸ ರಿಂಗಷ್ಟೇ ಹಾಕಬಹುದಿತ್ತು. ಆದರೆ ಆ ಸಣ್ಣ ರಂಧ್ರಗಳು ಮತ್ತೆ ಕಟ್ಟಿಕೊಳ್ಳುತ್ತವೆ ಎಂಬ ಕಾರಣಕ್ಕೆ ದೊಡ್ಡ ರಂಧ್ರಗಳಿರುವ, ಅದೇ ಅಳತೆಯ ತಿದ್ದಿದ ಮಾದರಿಯ ಪಿಸ್ಟನ್ನುಗಳನ್ನು ತರಿಸಿದೆವು. ಗೋಡೆಗೆ ಲಘುವಾಗಿ ಹೋನಿಂಗ್ ಮಾಡಿ (ಸಾಣೆಕಲ್ಲಿನಿಂದ ಉಜ್ಜಿ) ಅಡ್ಡಗೆರೆಗಳನ್ನು ಹೊಸದಾಗಿ ಎಬ್ಬಿಸಿದೆವು. ಅದಾದ ಮೇಲೆ ಸಿಲಿಂಡರುಗಳನ್ನು ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ಒರೆಸಿ ಮುಗಿಸುವುದು ಬಹಳ ಕಡೆ ನಡೆಯುವ ರೂಢಿ. ಹೋನಿಂಗಿನ ಕಲ್ಲಿನ ಪುಡಿ ಗೆರೆಗಳ ಒಳಗೆ ಉಳಿದುಬಿಟ್ಟರೆ ಹೊಸ ರಿಂಗನ್ನು ಅದೇ ತಿಂದುಹಾಕುತ್ತದೆ, ಪೆಟ್ರೋಲ್ ಅದನ್ನು ಎತ್ತುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷಿನಿಂದ ಉಜ್ಜಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಇದನ್ನು ಮಾಡಬೇಕು. ನಮಗೆ ನಾಲ್ಕು ಸಲ ತೊಳೆಯಬೇಕಾಯಿತು. ತೊಳೆದ ಕೂಡಲೇ ತುಕ್ಕು ಹಿಡಿಯದಂತೆ ಆಯಿಲ್ ಸವರಿದೆವು.

ಪ್ರತಿ ರಿಂಗನ್ನು ಸಿಲಿಂಡರಿನೊಳಗೆ ಕೂರಿಸಿ ತುದಿಗಳ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ಅಳೆದೆವು, ಮೇಲಿನ ರಿಂಗಿನಲ್ಲಿ ಅದು 0.25ರಿಂದ 0.30 ಮಿ.ಮೀ. ಇತ್ತು. ರಿಂಗಿನ ಗುರುತು ಮೇಲ್ಮುಖವಾಗಿರಬೇಕು, ಮೂರು ರಿಂಗುಗಳ ಬಾಯಿ ಒಂದೇ ನೇರಕ್ಕೆ ಬರಬಾರದು, ಆಯಿಲ್ ರಿಂಗಿನ ಸ್ಪ್ರಿಂಗಿನ ತುದಿಗಳು ಒಂದರ ಮೇಲೊಂದು ಏರಬಾರದು. ಕೊನೆಯದು ಕಣ್ತಪ್ಪಿದರೆ ಇಷ್ಟೆಲ್ಲ ಮಾಡಿದ ಮೇಲೂ ಆಯಿಲ್ ಸುಡುತ್ತದೆ. ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗುಗಳಲ್ಲಿ ತೆಳುವಾದ ಗೀರುಗಳಿದ್ದವು, ಕೆಂಪು ದೀಪ ಮಿನುಗಿದ ದಿನಗಳ ಗುರುತು ಅವೇ ಎಂದು ನನ್ನ ನಂಬಿಕೆ. ಅವನ್ನೂ ಬದಲಿಸಿದೆವು. ಹೆಡ್ಡಿನ ತಳ ಸಪಾಟಾಗಿದೆಯೇ ಎಂದು ಪರೀಕ್ಷಿಸಿ, ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್ ಮತ್ತು ರಾಡ್ ಬೋಲ್ಟುಗಳೊಂದಿಗೆ ಕೈಪಿಡಿ ಹೇಳಿದ ಕ್ರಮದಲ್ಲಿ ಟಾರ್ಕ್ ಮಾಡಿ ಕಟ್ಟಿದೆವು.

ರಿಂಗುಗಳು ಏಕೆ ಹೀಗಾದವು ಎಂಬುದಕ್ಕೆ ಉತ್ತರ ಗಾಡಿಯ ಸರ್ವಿಸ್ ಪುಸ್ತಕದಲ್ಲೇ ಇತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಎರಡು ಸರ್ವಿಸ್ಸುಗಳ ನಡುವೆ 15,000 ಕಿ.ಮೀ. ದಾಟಿದ್ದು ನಾಲ್ಕು ಕಡೆ ಕಾಣುತ್ತಿತ್ತು. ಪೆಟ್ರೋಲ್ ಉಳಿಸಲೆಂದು ಘರ್ಷಣೆ ಕಡಿಮೆ ಮಾಡುವಂತೆ ಸಡಿಲ ಒತ್ತಡದ ಆಯಿಲ್ ರಿಂಗ್ ಹಾಕಿದ ವಿನ್ಯಾಸ, ಅದಕ್ಕೆ ಸಣ್ಣ ರಂಧ್ರಗಳು, ಅದರ ಮೇಲೆ ಹಳಸಿದ ಆಯಿಲ್. ಬಿಸಿಯಲ್ಲಿ ಕೆಟ್ಟ ಆಯಿಲ್ ಮೆರುಗಾಗಿ ಕುಳಿತುಕೊಳ್ಳಲು ಪಿಸ್ಟನ್ನಿನ ಆ ಮೂರನೆಯ ತೋಡಿಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ.

ಕಟ್ಟಿದ ಇಂಜಿನ್ನನ್ನು ಮೊದಲ ದಿನಗಳಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಲ್ಲೇ ಓಡಿಸಬಾರದೆಂದೂ, ಮಧ್ಯಮ ಭಾರದಲ್ಲಿ ವೇಗ ಏರಿಸಿ ಕಾಲು ತೆಗೆದು ಇಳಿಸುವುದನ್ನು ಮತ್ತೆ ಮತ್ತೆ ಮಾಡಬೇಕೆಂದೂ ಮಾಲೀಕರಿಗೆ ತಿಳಿಸಿದೆವು, ಏಕೆಂದರೆ ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳುವುದು ಅನಿಲದ ಒತ್ತಡ ಅದನ್ನು ಗೋಡೆಗೆ ಒತ್ತಿದಾಗಲೇ. ಮೊದಲ 1,000 ಕಿ.ಮೀ.ಯಲ್ಲಿ 160 ಮಿ.ಲೀ. ಹೋಯಿತು, ಆಯಿಲ್ ಬದಲಿಸಿದೆವು. ಎರಡನೆಯ 1,000ದಲ್ಲಿ 70 ಮಿ.ಲೀ. ಅಲ್ಲಿಂದ 5,000ದವರೆಗೆ ಪ್ರತಿ 1,000ಕ್ಕೆ ಸರಾಸರಿ 40 ಮಿ.ಲೀ. ಮಾಲೀಕರು ಮೊದಲ ಸಲ ಹೋದ ಅದೇ ಘಟ್ಟದ ರಸ್ತೆಯಲ್ಲೇ 500 ಕಿ.ಮೀ. ಹೋಗಿ ಬಂದು ನೋಡಿದಾಗ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಅರ್ಧ ಮಿ.ಮೀ. ಇಳಿದಂತೆ ಕಂಡಿತು, ಅಳತೆಯ ತಪ್ಪಿಗಿಂತ ಅದು ಚಿಕ್ಕದು. ಈಗ ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಿಸುತ್ತಿದ್ದಾರೆ. ಪಾರ್ಕಿಂಗಿನ ಸೀಮೆಸುಣ್ಣದ ಗುರುತಿನ ಜಾಗದಲ್ಲಿ ಬಣ್ಣದ ಗುರುತು ಬಂದಿದೆ.

ಒಂದು ವಿಷಯ ಮಾತ್ರ ಸರಿಹೋಗಲಿಲ್ಲ. ಇಂಜಿನ್ ಕಟ್ಟಿದ ಮೂರು ತಿಂಗಳಿಗೆ ಚೆಕ್ ಇಂಜಿನ್ ದೀಪ ಹತ್ತಿ ಪಿ0420 ಕೋಡ್ ಬಂತು, ಅಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಮಿತಿಗಿಂತ ಕೆಳಗಿಳಿದಿದೆ. ಎಕ್ಸಾಸ್ಟ್ ಪೈಪಿನ ಸೋರಿಕೆ ಮತ್ತು ಹಿಂದಿನ ಆಕ್ಸಿಜನ್ ಸೆನ್ಸರ್ ಎರಡನ್ನೂ ಪರೀಕ್ಷಿಸಿದೆವು, ಅವು ಸರಿಯಾಗಿದ್ದವು. ವರ್ಷಗಟ್ಟಲೆ ಸುಟ್ಟ ಆಯಿಲಿನ ರಂಜಕ ಆ ಕನ್ವರ್ಟರಿನ ಮೇಲೆ ಆಗಲೇ ಕುಳಿತಾಗಿತ್ತು, ರಿಂಗ್ ಬದಲಿಸಿದ್ದರಿಂದ ಅದು ಮರಳಿ ಬರುವುದಿಲ್ಲ. ಮುಂದಿನ ಸರ್ವಿಸ್ಸಿನಲ್ಲಿ ಕನ್ವರ್ಟರ್ ಬದಲಿಸುವುದೆಂದು ಮಾಲೀಕರೂ ನಾವೂ ತೀರ್ಮಾನಿಸಿದ್ದೇವೆ.